ರಾಯಚೂರು ಜಿಲ್ಲೆಯಲ್ಲಿ ಪ್ರೌಢಶಿಕ್ಷಣ

ರಾಯಚೂರು ಜಿಲ್ಲೆಯಲ್ಲಿ ಪ್ರೌಢಶಿಕ್ಷಣ ಎಂಬುದು ಕರ್ನಾಟಕದ ಈಶಾನ್ಯ ಭಾಗದಲ್ಲಿರುವ ರಾಯಚೂರು ಜಿಲ್ಲೆಯ 8ರಿಂದ 10ನೆಯ ತರಗತಿಯವರೆಗಿನ ಶಾಲಾ ವ್ಯವಸ್ಥೆಯ ಇತಿಹಾಸ ಮತ್ತು ಸಾಧನೆಯನ್ನು ಕುರಿತ ವಿಷಯ. ಜಿಲ್ಲೆಯು 1948ರವರೆಗೆ ಹೈದರಾಬಾದಿನ ನಿಜಾಮರ ಆಳ್ವಿಕೆಯಲ್ಲಿದ್ದುದರಿಂದ ಇಲ್ಲಿನ ಪ್ರೌಢಶಾಲೆಗಳ ಚರಿತ್ರೆ ಹಳೆಯ ಮೈಸೂರಿನ ಅಥವಾ ಮುಂಬಯಿ ಪ್ರಾಂತದ ಶಾಲೆಗಳ ಚರಿತ್ರೆಗಿಂತ ತೀರ ಭಿನ್ನವಾಗಿದೆ. ಬಾಲಕ ಬಾಲಕಿಯರು ಒಟ್ಟಿಗೆ ಕಲಿಯುವ ನಗರದ ಪ್ರೌಢಶಾಲೆ ಇಂದು ಇಲ್ಲಿ ಸಾಮಾನ್ಯ ದೃಶ್ಯ. ಆದರೆ ಅದು ರೂಪುಗೊಂಡದ್ದು ಭಾಷೆ, ಆಡಳಿತ ಮತ್ತು ಬಡತನ ಈ ಮೂರರ ಜೊತೆಗಿನ ದೀರ್ಘ ಸೆಣಸಾಟದಲ್ಲಿ.

ಹಿನ್ನೆಲೆ

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ಈ ಪ್ರದೇಶವನ್ನು ಚರಿತ್ರೆಯಲ್ಲಿ ರಾಯಚೂರು ದೋಆಬ್ ಎಂದು ಕರೆಯುತ್ತಾರೆ. ಆಧುನಿಕ ಶಾಲೆಗಳು ಬರುವ ಮೊದಲು ಇಲ್ಲಿ ಅಕ್ಷರ ಕಲಿಕೆ ಮಠ, ಮಸೀದಿ ಮತ್ತು ಊರಿನ ಕೂಲಿಮಠಗಳಲ್ಲಿ ನಡೆಯುತ್ತಿತ್ತು. ಮಾನ್ವಿಯ ಜಗನ್ನಾಥದಾಸರು, ಮಾನ್ವಿ ಸೀಮೆಯ ಚೀಕಲಪರವಿಯ ವಿಜಯದಾಸರು ಮೊದಲಾದ ಹರಿದಾಸರು ಈ ನೆಲದವರು. ಅವರ ಕೀರ್ತನೆಗಳನ್ನು ಓದು ಬರಹ ಬಾರದವರೂ ಬಾಯಿಪಾಠವಾಗಿ ಹಾಡುತ್ತ ಬಂದಿದ್ದಾರೆ. ವಿದ್ಯೆಯ ಬಗ್ಗೆ ಇಲ್ಲಿನ ಜನರಿಗೆ ಆಸಕ್ತಿಯಿರಲಿಲ್ಲ ಎಂಬ ಮಾತನ್ನು ಕೇಳುವವರು ಈ ಪರಂಪರೆಯನ್ನು ನೆನೆಯಬೇಕು. ಕೊರತೆಯಿದ್ದದ್ದು ಶಾಲೆಗಳದು.

1871ರಲ್ಲಿ ಮುಂಬಯಿ ಮತ್ತು ಮದರಾಸಿನ ಕಡೆಯಿಂದ ಬಂದ ರೈಲು ಮಾರ್ಗಗಳು ರಾಯಚೂರಿನಲ್ಲಿ ಕೂಡಿದವು. ಪಟ್ಟಣವು ಹತ್ತಿ ಮತ್ತು ಎಣ್ಣೆಕಾಳುಗಳ ವ್ಯಾಪಾರ ಕೇಂದ್ರವಾಗಿ ಬೆಳೆಯಿತು. ಕನ್ನಡ, ಉರ್ದು ಮತ್ತು ತೆಲುಗು ಮಾತನಾಡುವ ಕುಟುಂಬಗಳು ಒಂದೇ ಓಣಿಯಲ್ಲಿ ನೆಲೆಸಿದವು. ನಗರದ ಶಾಲೆಗಳಲ್ಲಿ ಇಂದಿಗೂ ಕಾಣುವ ಬಹುಭಾಷಿಕತೆಯ ಬೇರು ಇಲ್ಲಿದೆ.

ನಿಜಾಮರ ಕಾಲ

ಹೈದರಾಬಾದ್ ಸಂಸ್ಥಾನದಲ್ಲಿ 19ನೆಯ ಶತಮಾನದ ಕೊನೆಯ ದಶಕಗಳಲ್ಲಿ ಆಡಳಿತ ಭಾಷೆಯಾಗಿದ್ದ ಪಾರಸಿಯ ಸ್ಥಾನಕ್ಕೆ ಉರ್ದು ಬಂದಿತು. ಸರ್ಕಾರಿ ಶಾಲೆಗಳನ್ನು ಮೂರು ಹಂತಗಳಲ್ಲಿ ವಿಂಗಡಿಸಲಾಗಿತ್ತು. ಪ್ರಾಥಮಿಕ ಶಾಲೆಗೆ ತಹ್ತಾನಿಯಾ, ಮಾಧ್ಯಮಿಕ ಶಾಲೆಗೆ ವಸ್ತಾನಿಯಾ, ಪ್ರೌಢಶಾಲೆಗೆ ಫೌಖಾನಿಯಾ ಎಂಬ ಹೆಸರುಗಳಿದ್ದವು. ಕೆಳಗಿನ ತರಗತಿಗಳಲ್ಲಿ ಕನ್ನಡಕ್ಕೆ ಒಂದಿಷ್ಟು ಎಡೆಯಿದ್ದರೂ ಮೇಲೇರಿದಂತೆ ಗಣಿತ, ವಿಜ್ಞಾನ, ಚರಿತ್ರೆ ಎಲ್ಲವೂ ಉರ್ದುವಿನಲ್ಲಿಯೇ ನಡೆಯುತ್ತಿದ್ದವು. 1918ರಲ್ಲಿ ಉರ್ದು ಮಾಧ್ಯಮದ ಉಸ್ಮಾನಿಯಾ ವಿಶ್ವವಿದ್ಯಾಲಯ ಸ್ಥಾಪನೆಯಾದ ಮೇಲೆ ಈ ವ್ಯವಸ್ಥೆ ಇನ್ನಷ್ಟು ಗಟ್ಟಿಯಾಯಿತು. ಭಾರತೀಯ ಭಾಷೆಯೊಂದರಲ್ಲಿ ಉನ್ನತ ಶಿಕ್ಷಣ ನೀಡಿದ ಪ್ರಯೋಗವೆಂದು ಉಸ್ಮಾನಿಯಾಕ್ಕೆ ಸಲ್ಲಬೇಕಾದ ಗೌರವ ಸಲ್ಲಲೇಬೇಕು. ಆದರೆ ಮನೆಯಲ್ಲಿ ಕನ್ನಡವನ್ನೋ ತೆಲುಗನ್ನೋ ಆಡುವ ರೈತನ ಮಗನಿಗೆ ಪ್ರೌಢಶಾಲೆ ಎಂಬುದು ಪರಭಾಷೆಯ ಪರೀಕ್ಷೆಯಾಗಿಯೇ ಎದುರಾಯಿತು. ಸಂಸ್ಥಾನದ ಕನ್ನಡ, ತೆಲುಗು, ಮರಾಠಿ ಸೀಮೆಗಳಲ್ಲಿ ಪ್ರೌಢಶಿಕ್ಷಣ ಪಡೆದವರ ಸಂಖ್ಯೆ ಬಹಳ ಕಡಿಮೆ ಉಳಿಯಲು ಇದೊಂದು ಮುಖ್ಯ ಕಾರಣ.

ಖಾಸಗಿಯವರು ಶಾಲೆ ತೆರೆಯುವುದೂ ಸುಲಭವಿರಲಿಲ್ಲ. 1920ರ ದಶಕದಲ್ಲಿ ಬಂದ ಖಾನಗಿ ಶಾಲೆಗಳ ನಿಯಮಗಳ ಪ್ರಕಾರ ಸರ್ಕಾರದ ಪೂರ್ವಾನುಮತಿ ಇಲ್ಲದೆ ಶಾಲೆ ನಡೆಸುವಂತಿರಲಿಲ್ಲ. ಸಾರ್ವಜನಿಕ ಸಭೆಗಳಿಗೂ ಇಂತಹುದೇ ನಿರ್ಬಂಧವಿತ್ತು. ಈ ಬಿಗಿ ವಾತಾವರಣದಲ್ಲಿ ಕನ್ನಡ ಶಾಲೆಯನ್ನು ಕಟ್ಟುವುದು ಶಿಕ್ಷಣದ ಕೆಲಸವಾಗಿದ್ದಂತೆ ಧೈರ್ಯದ ಕೆಲಸವೂ ಆಗಿತ್ತು. ಕಲಬುರಗಿಯ ನೂತನ ವಿದ್ಯಾಲಯ (1907) ಮತ್ತು ಹೈದರಾಬಾದಿನ ನೃಪತುಂಗ ಪ್ರೌಢಶಾಲೆ ಈ ಮಾರ್ಗದ ಹೆಸರಾಂತ ಸಂಸ್ಥೆಗಳು.

ಹಮ್‌ದರ್ದ್ ಶಾಲೆ

ರಾಯಚೂರಿನ ಮಟ್ಟಿಗೆ ಈ ಕಾಲದ ಅತಿ ಮಹತ್ವದ ಪ್ರಯತ್ನ ಪಂಡಿತ ತಾರಾನಾಥರದು (1891-1942). ಮಂಗಳೂರಿನ ಮೂಲದ ತಾರಾನಾಥರು ವೈದ್ಯರು, ವಾಗ್ಮಿಗಳು, ಲೇಖಕರು. ಉರ್ದು ಸೇರಿದಂತೆ ಹಲವು ಭಾಷೆಗಳನ್ನು ಬಲ್ಲವರು. 1920ರ ಸುಮಾರಿಗೆ ಅವರು ರಾಯಚೂರಿನಲ್ಲಿ ಹಮ್‌ದರ್ದ್ ಎಂಬ ರಾಷ್ಟ್ರೀಯ ಶಾಲೆಯನ್ನು ಆರಂಭಿಸಿದರು. ಹಮ್‌ದರ್ದ್ ಎಂದರೆ ಇನ್ನೊಬ್ಬರ ನೋವಿನಲ್ಲಿ ಪಾಲುಗೊಳ್ಳುವವನು ಎಂದರ್ಥ. ಹಿಂದೂ ಮತ್ತು ಮುಸ್ಲಿಂ ಮಕ್ಕಳು ಒಂದೇ ಚಾವಣಿಯ ಕೆಳಗೆ ಕಲಿಯಬೇಕೆಂಬುದು ಶಾಲೆಯ ಆಶಯವಾಗಿತ್ತು. ಶಾಲೆಗೆ ಸಂಸ್ಕೃತದ ಹೆಸರನ್ನಿಡದೆ ಊರಿನ ಎಲ್ಲರ ಕಿವಿಗೂ ಪರಿಚಿತವಾದ ಪಾರಸಿ ಮೂಲದ ಮಾತನ್ನು ಆರಿಸಿಕೊಂಡದ್ದರಲ್ಲಿ ಸ್ಥಾಪಕರ ದೃಷ್ಟಿ ವ್ಯಕ್ತವಾಗುತ್ತದೆ.

ತಾರಾನಾಥರು ಮುಂದೆ ರಾಯಚೂರನ್ನು ಬಿಟ್ಟು ತುಂಗಭದ್ರಾ ತೀರದಲ್ಲಿ, ನಿಜಾಮರ ಸರಹದ್ದಿನ ಆಚೆ ಪ್ರೇಮಾಯತನ ಎಂಬ ಆಶ್ರಮವನ್ನು ಕಟ್ಟಿದರು. 'ಪ್ರೇಮ' ಎಂಬ ಪತ್ರಿಕೆಯನ್ನು ನಡೆಸಿದರು. ಆದರೂ ಅವರು ನೆಟ್ಟ ಸಸಿ ಒಣಗಲಿಲ್ಲ. ಹಮ್‌ದರ್ದ್ ಹೆಸರಿನ ಪ್ರೌಢಶಾಲೆ ರಾಯಚೂರಿನಲ್ಲಿ ಉಳಿದು ಬಂದಿದೆ. ಅವರ ಹೆಸರನ್ನೇ ಹೊತ್ತ ತಾರಾನಾಥ ಶಿಕ್ಷಣ ಸಂಸ್ಥೆಯು ನಗರದಲ್ಲಿ ಲಕ್ಷ್ಮೀ ವೆಂಕಟೇಶ ದೇಸಾಯಿ ಮಹಾವಿದ್ಯಾಲಯವನ್ನು ನಡೆಸುತ್ತಿದೆ. ಪ್ರಸಿದ್ಧ ಸರೋದ್ ವಾದಕ ರಾಜೀವ ತಾರಾನಾಥ (1932-2024) ಇವರ ಪುತ್ರರು.

1934ರಲ್ಲಿ ರಾಯಚೂರಿನಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ನಡೆದಾಗ ಅಧ್ಯಕ್ಷತೆ ವಹಿಸಿದ್ದವರು ಪಂಜೆ ಮಂಗೇಶರಾಯರು. ಉಪಾಧ್ಯಾಯರಾಗಿ, ಶಾಲಾ ಇನ್ಸ್‌ಪೆಕ್ಟರಾಗಿ ದುಡಿದು ಮಕ್ಕಳ ಸಾಹಿತ್ಯಕ್ಕೆ ಅಡಿಪಾಯ ಹಾಕಿದವರು, ಕನ್ನಡ ಮಾಧ್ಯಮದ ಪ್ರೌಢಶಾಲೆಗಳೇ ಅಪರೂಪವಾಗಿದ್ದ ಸೀಮೆಯಲ್ಲಿ ಆ ಪೀಠದಲ್ಲಿ ಕುಳಿತದ್ದು ಕಾಕತಾಳೀಯವಾದರೂ ಅರ್ಥಪೂರ್ಣ ಸಂಗತಿ.

ವಿಲೀನದ ನಂತರ

1948ರ ಸೆಪ್ಟೆಂಬರ್‌ನಲ್ಲಿ ಹೈದರಾಬಾದ್ ಸಂಸ್ಥಾನ ಭಾರತದ ಒಕ್ಕೂಟದಲ್ಲಿ ಸೇರಿತು. ಅದಕ್ಕೆ ಮುಂಚಿನ ಒಂದು ವರ್ಷದ ಹೋರಾಟದಲ್ಲಿ ಶಾಲೆ ಬಿಟ್ಟ ವಿದ್ಯಾರ್ಥಿಗಳು ಅನೇಕರು. ಮುಂಬಯಿ ಪ್ರಾಂತದ ಗಡಿಯಲ್ಲಿದ್ದ ಗಜೇಂದ್ರಗಡ ಮತ್ತು ಮುಂಡರಗಿಯ ಶಿಬಿರಗಳು ರಾಯಚೂರು ಸೀಮೆಯ ಯುವಕರ ನೆಲೆಗಳಾಗಿದ್ದವು.

ವಿಲೀನದ ಬಳಿಕ ಶಿಕ್ಷಣ ಮಾಧ್ಯಮ ಹಂತ ಹಂತವಾಗಿ ಕನ್ನಡಕ್ಕೆ ಬದಲಾಯಿತು. ಈ ಬದಲಾವಣೆ ಕಾಗದದ ಮೇಲೆ ಕಂಡಷ್ಟು ಸರಳವಾಗಿರಲಿಲ್ಲ. ಉರ್ದುವಿನಲ್ಲಿ ಬೀಜಗಣಿತವನ್ನೂ ರಸಾಯನಶಾಸ್ತ್ರವನ್ನೂ ಕಲಿತಿದ್ದ ಉಪಾಧ್ಯಾಯರು ಅದನ್ನೇ ಕನ್ನಡದಲ್ಲಿ ಬೋಧಿಸಬೇಕಾಯಿತು. ಪರಿಭಾಷೆಯಿಂದ ಹಿಡಿದು ಪಠ್ಯಪುಸ್ತಕದವರೆಗೆ ಎಲ್ಲವೂ ಹೊಸದು. ಪ್ರೌಢಶಿಕ್ಷಣ ಪಡೆದವರೇ ಕಡಿಮೆ ಇದ್ದುದರಿಂದ ಶಿಕ್ಷಕರಾಗಬಲ್ಲವರೂ ಕಡಿಮೆ ಇದ್ದರು. ಒಂದು ತಲೆಮಾರಿನಲ್ಲಿ ಶಾಲೆ ಇಲ್ಲದಿದ್ದರೆ ಮುಂದಿನ ತಲೆಮಾರಿಗೆ ಶಿಕ್ಷಕರಿರುವುದಿಲ್ಲ. ಜಿಲ್ಲೆಯ ಶಿಕ್ಷಕರ ಕೊರತೆಯನ್ನು ಚರ್ಚಿಸುವಾಗ ಈ ಹಳೆಯ ಕಾರಣವನ್ನು ಮರೆಯುವಂತಿಲ್ಲ.

1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಗಿ ರಾಯಚೂರು ಜಿಲ್ಲೆ ವಿಶಾಲ ಮೈಸೂರು ರಾಜ್ಯಕ್ಕೆ ಸೇರಿತು. ಗದ್ವಾಲ ಮತ್ತು ಆಲಂಪುರ ತಾಲ್ಲೂಕುಗಳು ಆಂಧ್ರಪ್ರದೇಶಕ್ಕೆ ಹೋದವು. 1966ರಲ್ಲಿ ಕರ್ನಾಟಕ ಪ್ರೌಢಶಿಕ್ಷಣ ಪರೀಕ್ಷಾ ಮಂಡಳಿ ಅಸ್ತಿತ್ವಕ್ಕೆ ಬಂದ ಮೇಲೆ ರಾಯಚೂರಿನ ಮಗುವೂ ಉಡುಪಿಯ ಮಗುವೂ ಒಂದೇ ಪ್ರಶ್ನಪತ್ರಿಕೆಗೆ ಉತ್ತರ ಬರೆಯತೊಡಗಿದವು. ಒಂದು ಕಡೆ ನೂರು ವರ್ಷಗಳಷ್ಟು ಹಳೆಯ ಮಿಷನ್ ಶಾಲೆಗಳ ಪರಂಪರೆ, ಇನ್ನೊಂದು ಕಡೆ ಆಗಷ್ಟೇ ಮಾಧ್ಯಮ ಬದಲಿಸಿದ ಶಾಲೆ. ಎರಡಕ್ಕೂ ಅಳತೆಗೋಲು ಒಂದೇ. 1997ರಲ್ಲಿ ಕೊಪ್ಪಳ ಪ್ರತ್ಯೇಕ ಜಿಲ್ಲೆಯಾಯಿತು.

ನಗರದ ಪ್ರೌಢಶಾಲೆಯ ಸ್ವರೂಪ

ರಾಯಚೂರು ನಗರದಲ್ಲಿ ಸರ್ಕಾರಿ, ಅನುದಾನಿತ ಮತ್ತು ಅನುದಾನರಹಿತ ಎಂಬ ಮೂರು ಬಗೆಯ ಪ್ರೌಢಶಾಲೆಗಳಿವೆ. ಬಾಲಕಿಯರಿಗಾಗಿಯೇ ಇರುವ ಕೆಲವು ಶಾಲೆಗಳನ್ನು ಬಿಟ್ಟರೆ ಉಳಿದವು ಸಹಶಿಕ್ಷಣದ ಶಾಲೆಗಳು. ಹಳ್ಳಿಗಳಲ್ಲಿ ಸಹಶಿಕ್ಷಣ ಒಂದು ತತ್ತ್ವವಾಗಿ ಬಂದದ್ದಲ್ಲ. ಇರುವುದೇ ಒಂದು ಶಾಲೆಯಾದ ಕಾರಣ ಎಲ್ಲ ಮಕ್ಕಳೂ ಅಲ್ಲಿಗೆ ಬರಬೇಕು. ನಗರದಲ್ಲಿ ಮಾತ್ರ ಪಾಲಕರಿಗೆ ಆಯ್ಕೆಯ ಅವಕಾಶವಿದೆ. ಹೀಗಾಗಿ ಸಹಶಿಕ್ಷಣದ ಶಾಲೆಯ ದಾಖಲಾತಿಯಲ್ಲಿ ಹುಡುಗಿಯರ ಸಂಖ್ಯೆ ಎಷ್ಟಿದೆ ಎಂಬುದು ಆ ಶಾಲೆಯ ಮೇಲೆ ಊರು ಇಟ್ಟಿರುವ ನಂಬಿಕೆಗೆ ಸಾಕ್ಷಿ. ಶೌಚಾಲಯ, ನೀರು, ಕಾಂಪೌಂಡು ಮತ್ತು ಮಹಿಳಾ ಶಿಕ್ಷಕಿ, ಈ ನಾಲ್ಕರಲ್ಲಿ ಒಂದು ಇಲ್ಲದಿದ್ದರೂ ಮೊದಲು ಗೈರುಹಾಜರಾಗುವವರು ಹುಡುಗಿಯರೇ.

ಪ್ರೌಢಶಾಲೆಯಲ್ಲಿ ಮೂರು ಭಾಷೆಗಳು ಮತ್ತು ಗಣಿತ, ವಿಜ್ಞಾನ, ಸಮಾಜ ವಿಜ್ಞಾನ ಎಂಬ ಮೂರು ಐಚ್ಛಿಕೇತರ ವಿಷಯಗಳಿವೆ. ಪ್ರಥಮ ಭಾಷೆಗೆ 125, ಉಳಿದ ಐದಕ್ಕೆ ತಲಾ 100ರಂತೆ ಒಟ್ಟು 625 ಅಂಕಗಳು. ಕನ್ನಡ ಮಾಧ್ಯಮದ ಮಗು ಸಾಮಾನ್ಯವಾಗಿ ಕನ್ನಡ, ಇಂಗ್ಲಿಷ್, ಹಿಂದಿಯನ್ನು ಕಲಿಯುತ್ತದೆ; ಉರ್ದು ಮಾಧ್ಯಮದ ಮಗುವಿಗೆ ಉರ್ದು ಪ್ರಥಮ ಭಾಷೆ, ಕನ್ನಡ ಅದರ ಮೂರು ಭಾಷೆಗಳಲ್ಲಿ ಒಂದು. ತೆಲುಗು ಮನೆಮಾತಿನ ಮಕ್ಕಳು ಬಹುಪಾಲು ಕನ್ನಡ ಅಥವಾ ಇಂಗ್ಲಿಷ್ ಮಾಧ್ಯಮದಲ್ಲಿ ಓದುತ್ತಾರೆ. ಒಂದೇ ತರಗತಿಯಲ್ಲಿ ಮೂರು ಮನೆಮಾತುಗಳಿರುವುದು ಕಲಿಕೆಗೆ ತೊಡಕೆಂದು ಹೇಳುವವರಿದ್ದಾರೆ. ಉರ್ದು ಗಜಲಿನ ಪ್ರಕಾರವನ್ನು ಕನ್ನಡದಲ್ಲಿ ನೆಲೆಗೊಳಿಸಿದವರಲ್ಲಿ ಪ್ರಮುಖರಾದ, 2006ರ ಬೀದರ್ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದ ಶಾಂತರಸರು ಇದೇ ಜಿಲ್ಲೆಯವರೆಂಬುದು ಆ ವಾದಕ್ಕೆ ಒಂದು ಉತ್ತರ.

ದೇವದುರ್ಗ ಮತ್ತು ಮಾನ್ವಿ

ಡಾ. ಡಿ. ಎಂ. ನಂಜುಂಡಪ್ಪ ಅವರ ಅಧ್ಯಕ್ಷತೆಯ ಪ್ರಾದೇಶಿಕ ಅಸಮಾನತೆ ನಿವಾರಣಾ ಉನ್ನತಾಧಿಕಾರ ಸಮಿತಿಯು 2002ರಲ್ಲಿ ಸಲ್ಲಿಸಿದ ವರದಿಯಲ್ಲಿ ರಾಜ್ಯದ 39 ತಾಲ್ಲೂಕುಗಳನ್ನು ಅತ್ಯಂತ ಹಿಂದುಳಿದವು ಎಂದು ಗುರುತಿಸಿತು. ಅವುಗಳಲ್ಲಿ 21 ತಾಲ್ಲೂಕುಗಳು ಆಗಿನ ಗುಲ್ಬರ್ಗಾ ವಿಭಾಗದವು. ದೇವದುರ್ಗವು ಈ ಪಟ್ಟಿಯ ತಳದಲ್ಲಿದ್ದ ತಾಲ್ಲೂಕೆಂದು ರಾಜ್ಯದಾದ್ಯಂತ ಹೆಸರಾಯಿತು. ಹೆಸರಾಗಬಾರದ ಕಾರಣಕ್ಕೆ ಹೆಸರಾಗುವ ಭಾಗ್ಯ ಯಾವ ಊರಿಗೂ ಬೇಡ.

ಎರಡೂ ತಾಲ್ಲೂಕುಗಳ ತೊಂದರೆ ಒಂದೇ ಬಗೆಯದಲ್ಲ. ಮಾನ್ವಿಯ ಬಹುಭಾಗ ತುಂಗಭದ್ರಾ ಎಡದಂಡೆ ಕಾಲುವೆಯ ನೀರಾವರಿಗೆ ಒಳಪಟ್ಟಿದೆ. ಭತ್ತದ ನಾಟಿ, ಹತ್ತಿ ಬಿಡಿಸುವುದು, ಮೆಣಸಿನಕಾಯಿ ಕೊಯ್ಲು ಬಂದಾಗ ಊರಲ್ಲೇ ಕೂಲಿ ಸಿಗುತ್ತದೆ; ಆ ಕೂಲಿಗೆ ಮಕ್ಕಳ ಕೈಗಳನ್ನೂ ಕರೆಯುತ್ತಾರೆ. ಹತ್ತಿ ಬಿಡಿಸುವ ಕಾಲ ಬರುವುದು ದಸರೆಯ ನಂತರ, ಅಂದರೆ ಹತ್ತನೆಯ ತರಗತಿಯ ಪಾಠಗಳು ವೇಗ ಪಡೆಯುವ ತಿಂಗಳುಗಳಲ್ಲಿ. ಎಂಟನೆಯ ತರಗತಿಯ ಹುಡುಗಿಯ ಹಾಜರಿ ಪುಸ್ತಕದಲ್ಲಿ ಖಾಲಿ ಬಿದ್ದ ಮನೆಗಳನ್ನು ನೋಡಿದರೆ ಊರಿನ ಬೆಳೆಯ ಪಂಚಾಂಗವನ್ನೇ ಓದಬಹುದು.

ದೇವದುರ್ಗದಲ್ಲಿ ನಾರಾಯಣಪುರ ಬಲದಂಡೆ ಕಾಲುವೆ ಬಂದಿದ್ದರೂ ಮಳೆಯನ್ನೇ ನಂಬಿದ ಹೊಲಗಳು, ತಾಂಡಾಗಳು ಮತ್ತು ದೊಡ್ಡಿಗಳು ಬಹಳ. ಸುಗ್ಗಿ ಮುಗಿದ ಮೇಲೆ ಬೆಂಗಳೂರು, ಪುಣೆ, ಮುಂಬಯಿಯ ಕಡೆ ಕಟ್ಟಡ ಕೆಲಸಕ್ಕೆ ಗುಳೆ ಹೋಗುವ ಕುಟುಂಬಗಳ ಜೊತೆಯಲ್ಲಿ ಮಕ್ಕಳೂ ಹೋಗುತ್ತವೆ. ಅಜ್ಜ ಅಜ್ಜಿಯ ಬಳಿ ಬಿಟ್ಟು ಹೋದ ಮಕ್ಕಳು ಶಾಲೆಗೆ ಬರುತ್ತಾರಾದರೂ ಮನೆಯಲ್ಲಿ ಓದಿಸುವವರಿರುವುದಿಲ್ಲ. ತಾಂಡಾದ ಮಗುವಿಗೆ ಮನೆಮಾತು ಲಂಬಾಣಿ. ಕನ್ನಡವೇ ಅದಕ್ಕೆ ಕಲಿತ ಭಾಷೆ. ಬಾಲ್ಯವಿವಾಹದಿಂದ ಓದು ನಿಂತುಹೋಗುವುದು ಎರಡೂ ತಾಲ್ಲೂಕುಗಳಿಗೆ ಸಮಾನವಾದ ಪೀಡೆ.

ಪಟ್ಟಣದ ಪ್ರೌಢಶಾಲೆಗೆ ಸುತ್ತಲ ಹಳ್ಳಿಗಳಿಂದ ಬಸ್ಸಿನಲ್ಲಿ ಬರುವ ಮಕ್ಕಳು ದೇವದುರ್ಗದಲ್ಲೂ ಮಾನ್ವಿಯಲ್ಲೂ ಗಣನೀಯ ಸಂಖ್ಯೆಯಲ್ಲಿದ್ದಾರೆ. ಬೆಳಗಿನ ಬಸ್ಸು ತಪ್ಪಿದರೆ ಮೊದಲ ಅವಧಿ ತಪ್ಪಿತು. ಅನೇಕ ಶಾಲೆಗಳ ವೇಳಾಪಟ್ಟಿಯಲ್ಲಿ ಮೊದಲ ಅವಧಿ ಗಣಿತದ್ದು. 2023ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆಯಿಂದ ವಿದ್ಯಾರ್ಥಿನಿಯರಿಗೆ ಬಸ್ಸಿನ ಖರ್ಚು ಉಳಿದಿದೆ. ಬಸ್ಸುಗಳ ಸಂಖ್ಯೆ ಮತ್ತು ಸಮಯ ಬೇರೆಯೇ ಪ್ರಶ್ನೆ.

ಸಾಕ್ಷರತೆ

2001ರ ಜನಗಣತಿಯಲ್ಲಿ ಶೇ. 48.8ರಷ್ಟಿದ್ದ ಜಿಲ್ಲೆಯ ಸಾಕ್ಷರತೆ 2011ರಲ್ಲಿ ಶೇ. 59.56ಕ್ಕೆ ಏರಿತು. ರಾಜ್ಯದ ಸರಾಸರಿ ಆಗ ಶೇ. 75.36. ಯಾದಗಿರಿಯನ್ನು ಬಿಟ್ಟರೆ ರಾಜ್ಯದಲ್ಲಿ ಅತಿ ಕಡಿಮೆ ಸಾಕ್ಷರತೆ ರಾಯಚೂರಿನದು. ಪುರುಷರಲ್ಲಿ ಶೇ. 70ರಷ್ಟು ಸಾಕ್ಷರರಿದ್ದರೆ ಮಹಿಳೆಯರಲ್ಲಿ ಶೇ. 49ಕ್ಕೂ ಕಡಿಮೆ. ಹಾಗಾಗಿ ಇಂದು ಪ್ರೌಢಶಾಲೆಯಲ್ಲಿ ಕುಳಿತಿರುವ ಅನೇಕ ಮಕ್ಕಳು ತಮ್ಮ ಮನೆತನದಲ್ಲಿ ಹತ್ತನೆಯ ತರಗತಿ ಮುಟ್ಟಿದ ಮೊದಲಿಗರು. 2018ರಲ್ಲಿ ಕೇಂದ್ರ ಸರ್ಕಾರವು ಮಹತ್ವಾಕಾಂಕ್ಷಿ ಜಿಲ್ಲೆಗಳ ಕಾರ್ಯಕ್ರಮಕ್ಕೆ ಕರ್ನಾಟಕದಿಂದ ಆರಿಸಿದ್ದು ರಾಯಚೂರು ಮತ್ತು ಯಾದಗಿರಿಯನ್ನು.

ಸರ್ಕಾರದ ಕ್ರಮಗಳು

ಮಧ್ಯಾಹ್ನದ ಬಿಸಿಯೂಟದ ಅಕ್ಷರ ದಾಸೋಹ ಯೋಜನೆಯನ್ನು ಕರ್ನಾಟಕ ಸರ್ಕಾರ 2002ರ ಜೂನ್‌ನಲ್ಲಿ ಮೊದಲು ಜಾರಿಗೆ ತಂದದ್ದು ಉತ್ತರ ಕರ್ನಾಟಕದ ಏಳು ಜಿಲ್ಲೆಗಳಲ್ಲಿ, ರಾಯಚೂರು ಅವುಗಳಲ್ಲೊಂದು. ಮುಂದೆ ಇದು ಪ್ರೌಢಶಾಲೆಗಳಿಗೂ ವಿಸ್ತರಿಸಿತು. ಯೋಜನೆಗಳ ಉದ್ದ ಪಟ್ಟಿಯಲ್ಲಿ ಮಕ್ಕಳನ್ನು ಶಾಲೆಯಲ್ಲಿ ಉಳಿಸಿಕೊಂಡದ್ದು ಇದರಷ್ಟು ಮತ್ತೊಂದಿಲ್ಲ ಎಂಬುದು ಶಿಕ್ಷಕ ವಲಯದ ಸಾಮಾನ್ಯ ಅಭಿಪ್ರಾಯ. 2006-07ರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ವಿತರಣೆ ಆರಂಭವಾಗಿ ಹಲವು ವರ್ಷ ನಡೆಯಿತು. ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯಗಳು ಮತ್ತು ಮೊರಾರ್ಜಿ ದೇಸಾಯಿ ವಸತಿ ಶಾಲೆಗಳು ಗುಳೆ ಹೋಗುವ ಕುಟುಂಬಗಳ ಮಕ್ಕಳಿಗೆ ಆಸರೆಯಾದವು. ಶೈಕ್ಷಣಿಕವಾಗಿ ಹಿಂದುಳಿದ ತಾಲ್ಲೂಕುಗಳಿಗಾಗಿ 2010-11ರಲ್ಲಿ ರಾಜ್ಯದಲ್ಲಿ ತೆರೆದ 74 ಆದರ್ಶ ವಿದ್ಯಾಲಯಗಳಲ್ಲಿ ಪ್ರವೇಶ ಪರೀಕ್ಷೆಯ ಮೂಲಕ ಆರನೆಯ ತರಗತಿಗೆ ಸೇರಿದ ಮಕ್ಕಳು ಇಂಗ್ಲಿಷ್ ಮಾಧ್ಯಮದಲ್ಲಿ ಓದುತ್ತಾರೆ. ವಸತಿ ಶಾಲೆ ಮತ್ತು ಆದರ್ಶ ವಿದ್ಯಾಲಯಗಳು ಚೆನ್ನಾಗಿ ಓದುವ ಮಕ್ಕಳನ್ನು ಸೆಳೆದುಕೊಂಡ ಮೇಲೆ ಉಳಿದ ಸರ್ಕಾರಿ ಪ್ರೌಢಶಾಲೆಗಳ ಫಲಿತಾಂಶವನ್ನು ಅವುಗಳೊಡನೆ ಹೋಲಿಸುವುದು ನ್ಯಾಯವಲ್ಲ. ಆದರೂ ಪ್ರತಿ ವರ್ಷ ಆ ಹೋಲಿಕೆ ನಡೆಯುತ್ತದೆ.

ಸಂವಿಧಾನದ 98ನೆಯ ತಿದ್ದುಪಡಿಯ ಮೂಲಕ ಬಂದ 371(ಜೆ) ವಿಧಿಯು ಹೈದರಾಬಾದ್ ಕರ್ನಾಟಕಕ್ಕೆ ವಿಶೇಷ ಸ್ಥಾನಮಾನ ನೀಡಿತು. ಇದರನ್ವಯ ಪ್ರದೇಶದ ಶಿಕ್ಷಣ ಸಂಸ್ಥೆಗಳಲ್ಲಿ ಮತ್ತು ಸರ್ಕಾರಿ ಹುದ್ದೆಗಳಲ್ಲಿ ಸ್ಥಳೀಯರಿಗೆ ಮೀಸಲಾತಿ ದೊರೆಯಿತು. ಪ್ರೌಢಶಾಲೆಗಳ ಪಾಲಿಗೆ ಇದರ ಅರ್ಥ ದೊಡ್ಡದು. ಹಿಂದೆ ದಕ್ಷಿಣದ ಜಿಲ್ಲೆಗಳಿಂದ ನೇಮಕಗೊಂಡು ಬಂದ ಶಿಕ್ಷಕರು ಕಡ್ಡಾಯ ಸೇವೆ ಮುಗಿದೊಡನೆ ವರ್ಗಾವಣೆ ಪಡೆದು ಹೋಗುವುದು ವಾಡಿಕೆಯಾಗಿತ್ತು. ಸ್ಥಳೀಯ ವೃಂದದ ಶಿಕ್ಷಕರು ಇಲ್ಲಿಯವರೇ ಆದ್ದರಿಂದ ಇಲ್ಲೇ ಉಳಿಯುತ್ತಾರೆ. ಆದರೆ ನೇಮಕಾತಿ ನಡೆಯದ ವರ್ಷಗಳಲ್ಲಿ ಮೀಸಲಾತಿಯಿಂದ ಪ್ರಯೋಜನವಿಲ್ಲ. ಆಗ ಖಾಲಿ ಹುದ್ದೆಗಳಲ್ಲಿ ಅತಿಥಿ ಶಿಕ್ಷಕರು ಪಾಠ ಮಾಡುತ್ತಾರೆ. 2019ರ ಸೆಪ್ಟೆಂಬರ್‌ನಲ್ಲಿ ಪ್ರದೇಶಕ್ಕೆ ಕಲ್ಯಾಣ ಕರ್ನಾಟಕ ಎಂದು ಮರುನಾಮಕರಣವಾಯಿತು. ಪ್ರದೇಶಾಭಿವೃದ್ಧಿ ಮಂಡಳಿಯು ಅಕ್ಷರ ಆವಿಷ್ಕಾರ ಎಂಬ ಕಾರ್ಯಕ್ರಮದಡಿ ಶಾಲೆಗಳಿಗೆ ಅನುದಾನ ನೀಡುತ್ತಿದೆ.

ಎಸ್‌ಎಸ್‌ಎಲ್‌ಸಿ ಫಲಿತಾಂಶ

ಜಿಲ್ಲೆಯ ಪ್ರೌಢಶಾಲೆಗಳನ್ನು ಹೊರಗಿನವರು ಅಳೆಯುವುದು ಮುಖ್ಯವಾಗಿ ಎಸ್‌ಎಸ್‌ಎಲ್‌ಸಿ ಫಲಿತಾಂಶದಿಂದ. ಕೋವಿಡ್ ವರ್ಷವಾದ 2021ರಲ್ಲಿ ಪರೀಕ್ಷೆಯನ್ನು ಬಹುಆಯ್ಕೆ ಪ್ರಶ್ನೆಗಳೊಂದಿಗೆ ಎರಡೇ ದಿನಗಳಲ್ಲಿ ನಡೆಸಿ ಬಹುತೇಕ ಎಲ್ಲರನ್ನೂ ತೇರ್ಗಡೆ ಮಾಡಲಾಯಿತು. 2023ರಲ್ಲಿ ರಾಜ್ಯದ ಫಲಿತಾಂಶ ಶೇ. 83.89.

2024ರಲ್ಲಿ ಪರಿಸ್ಥಿತಿ ಬದಲಾಯಿತು. ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಯು ಪರೀಕ್ಷಾ ಕೊಠಡಿಗಳಲ್ಲಿ ಸಿಸಿಟಿವಿ ಅಳವಡಿಸಿ ವೆಬ್‌ಕಾಸ್ಟಿಂಗ್ ಮೂಲಕ ನೇರ ನಿಗಾ ಇರಿಸಿತು. ರಾಜ್ಯದ ಫಲಿತಾಂಶ ಶೇ. 73.40ಕ್ಕೆ ಇಳಿಯಿತು. ಇಷ್ಟಾದರೂ ಬಂದದ್ದು ಕೃಪಾಂಕವನ್ನು ಶೇ. 10ರಿಂದ ಶೇ. 20ಕ್ಕೆ ಏರಿಸಿದ ಕಾರಣದಿಂದ. ಉಡುಪಿ ಶೇ. 94ರೊಂದಿಗೆ ಮೊದಲ ಸ್ಥಾನ ಪಡೆದರೆ ಯಾದಗಿರಿ ಶೇ. 50.59ರೊಂದಿಗೆ ಕೊನೆಯಲ್ಲಿತ್ತು. ರಾಯಚೂರು ಶೇ. 61ರ ಆಸುಪಾಸಿನಲ್ಲಿದ್ದು ಕೊನೆಯ ಸ್ಥಾನಗಳ ಗುಂಪಿನಲ್ಲಿ ಉಳಿಯಿತು. 2025ರಲ್ಲಿ ಹೆಚ್ಚುವರಿ ಕೃಪಾಂಕವಿಲ್ಲದೆ ನಡೆದ ಮೊದಲ ಪರೀಕ್ಷೆಯಲ್ಲಿ ರಾಜ್ಯದ ಫಲಿತಾಂಶ ಶೇ. 62.34 ಎಂದು ಪ್ರಕಟವಾಯಿತು. ದಕ್ಷಿಣ ಕನ್ನಡ ಶೇ. 91.12ರೊಂದಿಗೆ ಮುಂದೆ, ಕಲಬುರಗಿ ಶೇ. 42.43ರೊಂದಿಗೆ ಹಿಂದೆ.

ಈ ಅಂಕಿಗಳನ್ನು ಓದುವಾಗ ಎರಡು ಸಂಗತಿಗಳನ್ನು ಗಮನಿಸಬೇಕು. ಮೊದಲನೆಯದು, 2024ರ ಇಳಿಕೆ ಎಂದರೆ ಮಕ್ಕಳು ಒಂದೇ ವರ್ಷದಲ್ಲಿ ದಡ್ಡರಾದರು ಎಂದಲ್ಲ. ಹಿಂದಿನ ವರ್ಷಗಳ ಅಂಕಿಗಳು ಎಷ್ಟು ನಂಬಲರ್ಹವಾಗಿದ್ದವು ಎಂಬ ಪ್ರಶ್ನೆಯನ್ನು ಅದು ಎತ್ತಿತು. ನಕಲಿನ ನೆರಳಿನಲ್ಲಿ ತೇರ್ಗಡೆಯಾದ ಮಗು ಪದವಿಪೂರ್ವ ತರಗತಿಯಲ್ಲಿ ಎಡವುತ್ತದೆ, ಅಲ್ಲಿ ಅದನ್ನು ಕೇಳುವವರಿಲ್ಲ. ಎರಡನೆಯದು, 2024ರಲ್ಲಿ ರಾಜ್ಯದ ಬಾಲಕಿಯರ ಫಲಿತಾಂಶ ಶೇ. 81.11 ಇದ್ದರೆ ಬಾಲಕರದು ಶೇ. 65.90; ಗ್ರಾಮೀಣ ಪ್ರದೇಶದ ಫಲಿತಾಂಶ ನಗರದ್ದಕ್ಕಿಂತ ತುಸು ಹೆಚ್ಚು. ನಗರದ ಶಾಲೆ ಎಂದೊಡನೆ ಉತ್ತಮವೆಂದು ತಿಳಿಯುವ ರೂಢಿಗೆ ಇದರಿಂದ ಪೆಟ್ಟು ಬಿತ್ತು. ನಗರದ ಸರ್ಕಾರಿ ಪ್ರೌಢಶಾಲೆಗೆ ಬರುವವರು ಹೆಚ್ಚಾಗಿ ಹಮಾಲರ, ಮಿಲ್ ಕಾರ್ಮಿಕರ, ಬೀದಿ ವ್ಯಾಪಾರಿಗಳ ಮಕ್ಕಳು. ಅನುಕೂಲವಂತರು ಅನುದಾನರಹಿತ ಶಾಲೆಗಳಿಗೆ ಹೋದ ಮೇಲೆ ಇಲ್ಲಿ ಉಳಿಯುವ ತರಗತಿಯ ಹೊರೆ ಬೇರೆಯದು.

ಫಲಿತಾಂಶ ಸುಧಾರಣೆಗೆ ವಿಶೇಷ ತರಗತಿ, ರಾತ್ರಿ ಓದು, ಸರಣಿ ಪರೀಕ್ಷೆ, ತೇರ್ಗಡೆಗೆ ಸಾಕಾಗುವಷ್ಟು ಪ್ರಶ್ನೋತ್ತರಗಳ ಕಿರುಹೊತ್ತಿಗೆ ಮುಂತಾದ ಉಪಾಯಗಳನ್ನು ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ನಡೆಸಲಾಗುತ್ತದೆ. ಎಂಟನೆಯ ತರಗತಿಗೆ ಬಂದಾಗಲೇ ಭಾಗಾಕಾರ ಬಾರದ, ಕನ್ನಡದ ಪರಿಚ್ಛೇದವನ್ನು ತಡೆಯಿಲ್ಲದೆ ಓದಲಾರದ ಮಗುವಿಗೆ ಈ ನಾಲ್ಕು ತಿಂಗಳ ಚಿಕಿತ್ಸೆ ಸಾಲದು.

2024ರಲ್ಲಿ ವರ್ಷಕ್ಕೆ ಮೂರು ಪರೀಕ್ಷೆಗಳ ಪದ್ಧತಿ ಜಾರಿಗೆ ಬಂದಿತು. ಅನುತ್ತೀರ್ಣರಾದವರು ಅದೇ ವರ್ಷ ಮತ್ತೆ ಪರೀಕ್ಷೆ ಬರೆಯಬಹುದು. ಉತ್ತೀರ್ಣರೂ ಅಂಕ ಹೆಚ್ಚಿಸಿಕೊಳ್ಳಲು ಕುಳಿತುಕೊಳ್ಳಬಹುದು. ಹಿಂದೆ ಅನುತ್ತೀರ್ಣನಾದ ಹುಡುಗ ದುಡಿಮೆಗೆ ಹೊರಟುಬಿಡುತ್ತಿದ್ದ, ಹುಡುಗಿಗೆ ಮನೆಯವರು ಗಂಡು ನೋಡುತ್ತಿದ್ದರು. ಎರಡನೆಯ ಪರೀಕ್ಷೆಗೆ ಹೆಸರು ನೋಂದಾಯಿಸುವ ಕೆಲಸವನ್ನು ಮುಖ್ಯೋಪಾಧ್ಯಾಯರು ಬೇಸಿಗೆ ರಜೆಯಲ್ಲಿಯೂ ಮನೆಮನೆಗೆ ತಿರುಗಿ ಮಾಡಬೇಕಾಗುವುದು ಇದಕ್ಕಾಗಿಯೇ.

ಮುಂದಿನ ಓದು

ಎಸ್‌ಎಸ್‌ಎಲ್‌ಸಿ ನಂತರ ಪದವಿಪೂರ್ವ ಕಾಲೇಜು, ಐಟಿಐ ಮತ್ತು ಪಾಲಿಟೆಕ್ನಿಕ್‌ಗಳಿಗೆ ಮಕ್ಕಳು ಸೇರುತ್ತಾರೆ. ವಿಜ್ಞಾನ ವಿಭಾಗಕ್ಕೆ ದೇವದುರ್ಗ, ಮಾನ್ವಿಯ ಮಕ್ಕಳಲ್ಲಿ ಅನೇಕರು ರಾಯಚೂರಿಗೆ ಬಂದು ವಿದ್ಯಾರ್ಥಿನಿಲಯಗಳಲ್ಲಿ ಉಳಿಯುತ್ತಾರೆ. ನಗರದಲ್ಲಿ 2008ರಲ್ಲಿ ಸ್ಥಾಪನೆಯಾದ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯ, 2019ರಲ್ಲಿ ಆರಂಭವಾದ ಭಾರತೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆ ಹಾಗೂ ಪ್ರತ್ಯೇಕ ವಿಶ್ವವಿದ್ಯಾಲಯ ಇವೆ. ಐಐಐಟಿಯಂತಹ ಸಂಸ್ಥೆಗೆ ಪ್ರವೇಶ ರಾಷ್ಟ್ರಮಟ್ಟದ ಪರೀಕ್ಷೆಯಿಂದ ದೊರೆಯುವುದರಿಂದ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಯ ಕನ್ನಡ ಮಾಧ್ಯಮದ ಮಗುವಿಗೆ ಅದರ ಬಾಗಿಲು ಊರಲ್ಲೇ ಇದ್ದರೂ ದೂರದ್ದು.